ಒಗೆಯಲು ಬಿಚ್ಚಿದ ತೋರಣ

ಸುಂಕದಕಟ್ಟೆಯ ನಮ್ಮ ಕಿರಿಯ ಪ್ರಾಥಮಿಕ ಶಾಲೆಯನ್ನು ಕಳೆದ ನವೆಂಬರಿನಲ್ಲಿ ತಪಾಸಣೆ ಮಾಡಿದ ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ಒಂದನೇ ತರಗತಿಯ ಗೋಡೆ ಖಾಲಿಯಿತ್ತು ಎಂದು ನೀವು ವರದಿಯಲ್ಲಿ ಬರೆದಿದ್ದೀರಿ. ಸುಳ್ಳಲ್ಲ, ಖಾಲಿಯೇ ಇತ್ತು. ಆದರೆ ಅದನ್ನು ಖಾಲಿ ಮಾಡಿದವಳು ಗುರುದೇವಿ ಟೀಚರ್ ಅಲ್ಲ, ನಾನು. ಶಿಕ್ಷೆ ಮಾತ್ರ ಅವರಿಗಾಯಿತು. ನೀವು ಬಂದು ಹೋದ ಹದಿನೈದೇ ದಿನಕ್ಕೆ ಅವರನ್ನು ಊರಿನ ಆ ತುದಿಗೆ, ಹೊಸಕೋಟೆ ರಸ್ತೆಯ ಯಾವುದೋ ಶಾಲೆಗೆ ಕಳಿಸಿಬಿಟ್ಟಿರಿ. ಈ ತಪ್ಪೊಪ್ಪಿಗೆಯನ್ನು ನಿಮ್ಮ ಮುಂದೆಯೇ ಮಾಡೋಣವೆಂದು ಕೆಲಸದಲ್ಲಿ ಪರ್ಮಿಷನ್ ಕೇಳಿಕೊಂಡು ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಮೂರು ಸಲವೂ ಸಾಹೇಬರು ವಿಸಿಟ್‌ಗೆ ಹೋಗಿದ್ದಾರೆ ಎಂದರು. ಸೋಮವಾರ ಬರುತ್ತೇನೆಂದು ಹೇಳಿ ನಮ್ಮ ಶಾಲೆಗೆ ಶನಿವಾರವೇ ಬರುವ ತಾವು, ನಿಮ್ಮದೇ ಕಚೇರಿಗೆ ಯಾವ ವಾರ ದಯಮಾಡಿಸುತ್ತೀರಿ? ಅದು ತಿಳಿಯದೆ ಹೋದದ್ದಕ್ಕೇ ನಾಲ್ಕು ಜನ ಓದುವ ಹಾಗೆ ಇಲ್ಲಿ, ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಶಶಿಕಲಾ. ಮಾಗಡಿ ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್, ಹತ್ತು ವರ್ಷದಿಂದ ಅಂಗಿಗಳಿಗೆ ಕಾಲರ್ ಕೂರಿಸುವುದೇ ಕೆಲಸ. ಎಸ್ಸೆಸ್ಸೆಲ್ಸಿ ಪಾಸು. ಪತ್ರಲೇಖನಕ್ಕೆ ಐದಕ್ಕೆ ಐದು ಅಂಕ ಬಂದಿತ್ತು, ಇಷ್ಟು ವರ್ಷದ ಮೇಲೆ ಅದು ಉಪಯೋಗಕ್ಕೆ ಬರುತ್ತಿದೆ. ಮಗಳು ಅಂಜನಾ, ಆರು ವರ್ಷ, ನೀವು ಅಕ್ಷರ ಬಾರದು ಎಂದು ಬರೆದುಕೊಂಡು ಹೋದಿರಲ್ಲ, ಆ ಮಕ್ಕಳಲ್ಲಿ ಒಬ್ಬಳು.

ಗುರುದೇವಿ ಟೀಚರ್ ಕೊಪ್ಪಳದ ಕಡೆಯವರು. ಮೇ ತಿಂಗಳ ರಜೆಯಲ್ಲೇ ಮನೆಮನೆಗೆ ಬಂದು, ಒಂದನೇ ಕ್ಲಾಸಿಗೆ ಸೇರುವ ಮಕ್ಕಳ ತಾಯಂದಿರನ್ನೆಲ್ಲ ಕೂಡಿಸಿ, “ಹುಡುಗ್ರು ಸಾಲಿಗೆ ಬರೂದಂದ್ರ ಹಬ್ಬ ಇದ್ದಂಗ್ರಿ. ಹಬ್ಬಕ್ಕ ತೋರಣ ಬ್ಯಾಡೇನ್ರಿ?” ಎಂದರು. ಮಾವಿನೆಲೆಯದಲ್ಲ, ಬಟ್ಟೆಯ ತೋರಣ. ಒಬ್ಬೊಬ್ಬ ತಾಯಿಯೂ ತನ್ನ ಮಗುವಿಗೆಂದು ಅಂಗೈಯಗಲದ ಬಾವುಟಗಳನ್ನು ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ಅಕ್ಷರ ಹೊಲಿದು, ಕಟ್ಟುವುದಕ್ಕೆ ದಾರ ಬಿಟ್ಟು, ಎಲ್ಲವನ್ನೂ ಸಂಚಿಯಲ್ಲಿ ತುಂಬಿ ಶಾಲೆ ಸೇರುವ ದಿನ ಮಗುವಿನ ಕೈಗೆ ಕೊಡಬೇಕು. ನಮ್ಮ ಬೀದಿಯ ಅರ್ಧ ಹೆಂಗಸರು ಗಾರ್ಮೆಂಟ್ಸಿಗೆ ಹೋಗುವವರು, ಪಕ್ಕದಲ್ಲೇ ಚಿಂದಿ ಬಟ್ಟೆಯ ಅಂಗಡಿಯಿದೆ, ತುಂಡು ಬಟ್ಟೆಗೇನು ಬರ? ಓದು ಬಾರದ ತಾಯಂದಿರಿಗೆ ಟೀಚರ್ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟರು, ಅವರು ಆ ಗೆರೆಯ ಮೇಲೆ ಸೂಜಿ ಓಡಿಸಿದರು. ಅಂಜನಾಳದು ನೀಲಿ ಚೌಕಳಿ, ಹೊರದೇಶಕ್ಕೆ ಹೋಗುವ ಅಂಗಿಯ ಬಟ್ಟೆ. ಮೊದಲ ದಿನ ಪುಸ್ತಕದ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಸಂಚಿಯನ್ನು ಮಾತ್ರ ತಾನೇ ಎದೆಗವಚಿಕೊಂಡು ನಡೆದಳು.

ಬಾವುಟ ಮೇಲೇರುವುದಕ್ಕೆ ಒಂದು ನಿಯಮವಿತ್ತು. ಮಗು ಆ ಅಕ್ಷರವನ್ನು ಹೊರಗೆಲ್ಲಾದರೂ, ಅಂಗಡಿಯ ಬೋರ್ಡಿನಲ್ಲೋ ಬಸ್ಸಿನ ಹಣೆಯ ಮೇಲೋ, ತಾನೇ ಕಂಡುಹಿಡಿಯಬೇಕು. ಬಂದು ಟೀಚರ್ ಮುಂದೆ ನಿಂತು ಎಲ್ಲಿ ಕಂಡೆ, ಏನು ಓದಿದೆ ಎಂದು ಹೇಳಬೇಕು. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದರು. ಆಮೇಲೆ ಮಗು ಸ್ಟೂಲು ಹತ್ತಿ, ಗೋಡೆಯುದ್ದಕ್ಕೂ ಕಟ್ಟಿದ ಹಗ್ಗಕ್ಕೆ ತನ್ನ ಬಾವುಟವನ್ನು ತಾನೇ ಗಂಟು ಹಾಕಬೇಕು. ಗಂಟು ಸೊಟ್ಟಗಿರಲಿ, ಸಡಿಲವಿರಲಿ, ಬೇರೆ ಯಾರೂ ಮುಟ್ಟುವಂತಿಲ್ಲ. ನನ್ನ ಮಗಳಿಗೆ ಮೊದಲು ಸಿಕ್ಕಿದ್ದು ‘ಗ’, ಮಾಗಡಿಗೆ ಹೋಗುವ ಬಸ್ಸಿನ ಬೋರ್ಡಿನಲ್ಲಿ. ಅದನ್ನು ಕಟ್ಟಿ ಬಂದ ದಿನ ಚಪ್ಪಲಿಯನ್ನೂ ಬಿಡದೆ ಮನೆಯೊಳಗೆ ಓಡಿಬಂದಿದ್ದಳು. ಎಷ್ಟು ಅಕ್ಷರ ಬರುತ್ತದೆ ಎಂದು ಕೇಳಿದರೆ ಈ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿರಲಿಲ್ಲ. ಹಗ್ಗದ ಮೇಲೆ ತಮ್ಮ ಬಣ್ಣ ಎಲ್ಲೆಲ್ಲಿದೆ ಎಂದು ಬೆರಳು ತೋರಿಸುತ್ತಾ ಓದಿ ಹೇಳುತ್ತಿದ್ದವು.

ನವೆಂಬರಿನ ಒಂದು ಶುಕ್ರವಾರ, ಸೋಮವಾರ ಸಾಹೇಬರು ಬರುತ್ತಾರೆ ಎಂದು ಹೆಡ್‌ಮಾಸ್ಟರ್ ಹೇಳಿಕಳಿಸಿದರು. ಸಂಜೆ ಕೆಲಸ ಮುಗಿಸಿ ಹೋಗಿ ನೋಡಿದರೆ ತೋರಣಕ್ಕೆ ರಸ್ತೆಯ ಧೂಳು ಕೂತಿತ್ತು, ಬಿಸಿಯೂಟದ ಸಾರಿನ ಕೈಗುರುತೂ ಇತ್ತು. ಒಗೆದು ಇಸ್ತ್ರಿ ಮಾಡಿ ತರುತ್ತೇನೆ ಎಂದೆ. “ಬ್ಯಾಡ ಬಿಡ್ರಿ ಶಶಿಕಲಾ. ಅದು ಹೊಲಸಲ್ರಿ, ಹುಡುಗ್ರು ಕೈ ಆಡಿಸಿದ್ದು” ಎಂದರು ಟೀಚರ್. ನಾನು ಕೇಳಬೇಕಲ್ಲ! ಊರಿಗೆಲ್ಲ ಬಟ್ಟೆ ಹೊಲಿಯುವ ನಾವು ನಮ್ಮ ಮಕ್ಕಳದ್ದನ್ನು ಹೀಗಿಟ್ಟರೆ ಬಂದವರು ಏನಂದುಕೊಂಡಾರು ಎಂದು ಹಟ ಹಿಡಿದೆ. ಒಂದೊಂದೇ ಗಂಟು ಬಿಚ್ಚಿದೆ. ಅಂಜನಾ ಎರಡೆರಡು ಗಂಟು ಹಾಕಿ ಬಿಗಿದಿದ್ದಳು, ಹಲ್ಲು ಹಚ್ಚಿ ಬಿಡಿಸಬೇಕಾಯಿತು. ಮನೆಗೆ ತಂದು ನೆನೆಹಾಕಿ, ಶನಿವಾರ ಬೆಳಗ್ಗೆ ಶಾಲೆಯ ಹಿಂದೆಯೇ ಇರುವ ರಾಮಕ್ಕನ ಮನೆಯ ತಾರಸಿಯಲ್ಲಿ ಒಣಹಾಕಿ ಕೆಲಸಕ್ಕೆ ಹೋದೆ.

ಅವತ್ತೇ ನೀವು ಬಂದಿರಿ. ಮುಂದಿನದನ್ನು ಹೇಳಿದವಳು ಶಾಲೆಯಲ್ಲಿ ಬಿಸಿಯೂಟ ಮಾಡುವ ಇದೇ ರಾಮಕ್ಕ. ಗೋಡೆ ಯಾಕೆ ಬೋಳಾಗಿದೆ ಎಂದು ನೀವು ಕೇಳಿದಿರಂತೆ. ತೋರಣ ಒಗೆಯಲು ಹೋಗಿದೆ ಎಂದು ಟೀಚರ್ ಹೇಳಿದ್ದಕ್ಕೆ, “ಅಕ್ಷರಾನೂ ಒಗೀತೀರೇನ್ರೀ ಮೇಡಂ?” ಎಂದು ನಕ್ಕಿರಂತೆ. ಜೊತೆಗೆ ಬಂದವರೂ ನಕ್ಕರಂತೆ. ಆಮೇಲೆ ಮುಂದಿನ ಸಾಲಿನಲ್ಲಿದ್ದ ನನ್ನ ಮಗಳನ್ನು ಎಬ್ಬಿಸಿ, ಎಷ್ಟು ಅಕ್ಷರ ಬರುತ್ತಮ್ಮ ಎಂದಿರಿ. ಅವಳು ಎದ್ದು ನಿಂತು, ದಿನಾ ತೋರಿಸುವ ಹಾಗೆ ಗೋಡೆಯ ಕಡೆಗೆ ಬೆರಳೆತ್ತಿದಳು. ಅಲ್ಲಿ ಎರಡು ಮೊಳೆ ಬಿಟ್ಟರೆ ಏನೂ ಇರಲಿಲ್ಲ. ಎತ್ತಿದ ಬೆರಳನ್ನು ಇಳಿಸುವುದಕ್ಕೂ ಅವಳಿಗೆ ತೋಚಲಿಲ್ಲವಂತೆ. ನೀವು ಅದೇ ಹೊತ್ತಿಗೆ ‘ಮಕ್ಕಳಿಗೆ ಅಕ್ಷರ ಪರಿಚಯವಿಲ್ಲ, ಕಲಿಕಾ ಸಾಮಗ್ರಿಗಳು ಶೂನ್ಯ’ ಎಂದು ಬರೆದುಕೊಂಡಿರಿ. ತಾವು ಆ ಕೋಣೆಯ ಕಿಟಕಿಯಿಂದ ಒಮ್ಮೆ ಇಣುಕಿದ್ದರೆ ಸಾಕಿತ್ತು, ಇಡೀ ಒಂದನೇ ತರಗತಿ ಎದುರಿನ ತಾರಸಿಯಲ್ಲಿ ಬಿಸಿಲಿಗೆ ಒಣಗುತ್ತಿತ್ತು. ರಾಮಕ್ಕ ಅದನ್ನೇ ಹೇಳಲು ಬಾಯಿ ತೆರೆದದ್ದಕ್ಕೆ, ನಿನ್ನ ಒಲೆ ನೋಡಿಕೋ ಹೋಗು ಎಂದು ನಿಮ್ಮ ಜೊತೆಯವರು ಗದರಿದರಂತೆ. ತಪಾಸಣೆ ಎಂದರೆ ನೋಡುವುದೋ, ನೋಡಿಯಾಯಿತು ಎಂದು ಬರೆಯುವುದೋ?

ಸಂಜೆ ಇದನ್ನು ಕೇಳಿದವಳೇ ತಾರಸಿಗೆ ಓಡಿ ಬಾವುಟಗಳನ್ನೆಲ್ಲ ಬಾಚಿ ತಂದೆ. ಸೋಮವಾರ ಮತ್ತೊಮ್ಮೆ ಬಂದಾರು ಎಂಬ ಹುಚ್ಚು ಆಸೆಯಿಂದ ಭಾನುವಾರ ಪೂರ್ತಿ ಕೂತು ಇಸ್ತ್ರಿ ಹಾಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಎಲ್ಲ ಮಕ್ಕಳ ಬಾವುಟಗಳನ್ನೂ ಸೇರಿಸಿ ಅ ಆ ಇ ಈ ಕ್ರಮಕ್ಕೆ ಜೋಡಿಸಿ, ದಾರಗಳನ್ನೆಲ್ಲ ಕತ್ತರಿಸಿ, ಉದ್ದನೆಯ ಪಟ್ಟಿಗೆ ಮಿಷನ್ನಿನಲ್ಲಿ ಹೊಲಿದುಬಿಟ್ಟೆ. ಒಂದು ಹೊಲಿಗೆಯೂ ವಾರೆಯಿರಲಿಲ್ಲ, ನಮ್ಮ ಸೂಪರ್‌ವೈಸರ್ ನೋಡಿದ್ದರೆ ಭೇಷ್ ಎನ್ನುತ್ತಿದ್ದರು. ಸೋಮವಾರ ಬೆಳಗ್ಗೆಯೇ ಹೋಗಿ ಆ ಪಟ್ಟಿಯನ್ನು ಗೋಡೆಗೆ ಕಟ್ಟಿದೆ. ಮಕ್ಕಳು ಒಳಗೆ ಬಂದು ತಮ್ಮ ತಮ್ಮ ಜಾಗ ಹುಡುಕುತ್ತಾ ನಿಂತವು. ಟೀಚರ್ ಪಟ್ಟಿಯ ಮೇಲೊಮ್ಮೆ ಬೆರಳಾಡಿಸಿ, “ಛಲೋ ಹೊಲದೀರಿ” ಎಂದರು. ನನ್ನ ಮಗಳು ಕೇಳಿದ್ದು ಒಂದೇ ಮಾತು.

“ನಾನು ಕಟ್ಟಿದ್ದನ್ನ ನೀನ್ಯಾಕಮ್ಮ ಬಿಚ್ಚಿದೆ?”

ನೀವು ಬರಲಿಲ್ಲ, ನಿಮ್ಮ ಆದೇಶ ಬಂತು. ಟೀಚರ್ ಹೋದರು. ಹೋಗುವಾಗಲೂ ನನಗೆ ಒಂದು ಕಟು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈಗ ಮೂರನೇ ಕ್ಲಾಸಿನ ಮೇಷ್ಟರು ನಡುನಡುವೆ ಬಂದು ಗಲಾಟೆ ಮಾಡಬೇಡಿ ಎಂದು ಹೇಳಿ ಹೋಗುತ್ತಾರೆ. ತೋರಣ ಬೀರುವಿನ ಮೇಲೆ ಬಿದ್ದಿದೆ. ಆ ಮೊಳೆಗಳಿಗೆ ನಿಮ್ಮ ಕಚೇರಿಯಿಂದ ಬಂದ ಹೊಳಪಿನ ಚಾರ್ಟು ನೇತುಬಿದ್ದಿದೆ. ಅದರಲ್ಲಿ ಮೊದಲ ಚಿತ್ರ ಯಾವುದು ಗೊತ್ತೇ ಮಾನ್ಯರೇ? ಅ, ಅಗಸ. ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಾನೆ. ನಗಬೇಕೋ ಅಳಬೇಕೋ ತಿಳಿಯದೆ ಅದರ ಮುಂದೆ ನಿಂತಿದ್ದೆ.

ನಿಮ್ಮ ಮೇಲೆ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ನಿಮಗೂ ನನಗೂ ವ್ಯತ್ಯಾಸವೇನು ಎಂದು ಯೋಚಿಸಿದರೆ ತಲೆ ತಗ್ಗುತ್ತದೆ. ಮಕ್ಕಳ ಕೈಗಂಟು ನಿಮಗೆ ಕಾಣಲಿಲ್ಲ, ನನಗೆ ಕಂಡೂ ಬಿಚ್ಚಿದೆ. ಚೊಕ್ಕವಾಗಿರಬೇಕು ಎಂಬುದೇ ಇಬ್ಬರದೂ ಆಸೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ಟೀಚರ್ ಮತ್ತು ಆರು ವರ್ಷದ ಮಕ್ಕಳು. ಇದು ಯಾವ ನ್ಯಾಯ?

ಟೀಚರ್ ಹೋದ ಮೇಲೆ ಅಂಜನಾ ನನ್ನ ಮುಂದೆ ಒಂದಕ್ಷರವನ್ನೂ ಓದಿಲ್ಲ. ಮರೆತುಬಿಟ್ಟಳೇನೋ ಎಂದು ಹೆದರಿದ್ದೆ. ಹೋದ ವಾರ ವಿಜಯನಗರದ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಒಂದು ಪಾತ್ರೆ ಅಂಗಡಿಯ ಬೋರ್ಡು ನೋಡುತ್ತಾ ಅವಳ ತುಟಿ ಅಲ್ಲಾಡಿತು. ಏನು ಓದಿದೆ ಎಂದು ಕೇಳಿದೆ. ಏನಿಲ್ಲ ಎಂದಳು. ನನಗೆ ಹೇಳಮ್ಮ ಎಂದು ಅಂಗಲಾಚಿದೆ.

“ಮಿಸ್ ಬಂದ್ಮೇಲೆ ಹೇಳ್ತೀನಿ. ನಿಂಗೆ ಹೇಳಿದ್ರೆ ಬಿಚ್ಚಿಬಿಡ್ತೀಯ.”

ಮರುದಿನ ಅವಳ ಬ್ಯಾಗಿನಲ್ಲಿ ಡಬ್ಬಿ ಇಡಲು ಹೋದಾಗ ಆ ಸಂಚಿ ಕೈಗೆ ತಗುಲಿತು. ತೆರೆದೆ. ಇನ್ನೂ ಗೋಡೆಗೇರದೆ ಉಳಿದಿದ್ದ ನೀಲಿ ಬಾವುಟಗಳಲ್ಲಿ ಒಂಬತ್ತನ್ನು ಬೇರೆ ಮಾಡಿ, ಹಗ್ಗವಿಲ್ಲದ್ದಕ್ಕೆ ಒಂದರ ದಾರವನ್ನು ಇನ್ನೊಂದರ ದಾರಕ್ಕೆ ಗಂಟು ಹಾಕಿ, ಮಡಚಿ ತಳದಲ್ಲಿ ಇಟ್ಟಿದ್ದಾಳೆ. ಎರಡೆರಡು ಗಂಟು. ಆ ಒಂಬತ್ತನ್ನೂ ಅವಳೊಬ್ಬಳೇ ಕಂಡುಹಿಡಿದು, ಯಾರ ಹತ್ತಿರವೂ ಹೇಳದೆ ಇಟ್ಟುಕೊಂಡಿದ್ದಾಳೆ. ನಾನು ಅದನ್ನು ಮುಟ್ಟಲಿಲ್ಲ, ಇದ್ದ ಹಾಗೆಯೇ ಸಂಚಿ ಮುಚ್ಚಿದೆ.

ನನ್ನ ಬೇಡಿಕೆ ಇಷ್ಟೇ. ತಪ್ಪು ನನ್ನದೆಂದು ನಿಮ್ಮ ಕಡತದಲ್ಲಿ ಬರೆದುಕೊಳ್ಳಿ, ಬೇಕಾದರೆ ಸಹಿ ಹಾಕಿಕೊಡುತ್ತೇನೆ. ಗುರುದೇವಿ ಟೀಚರನ್ನು ಈ ವರ್ಷದ ಶಾಲೆ ಮುಗಿಯುವುದರೊಳಗೆ, ಏಪ್ರಿಲ್ ಬರುವ ಮುಂಚೆ, ವಾಪಸು ಕಳಿಸಿ. ಮಿಷನ್ ಹೊಲಿಗೆಯನ್ನೆಲ್ಲ ನಾನೇ ಬಿಚ್ಚಿ, ಹೊಸ ದಾರ ಹಾಕಿ, ಬಾವುಟಗಳನ್ನು ಮಕ್ಕಳ ಕೈಗೆ ಕೊಡುತ್ತೇನೆ. ಹಗ್ಗ ಕಟ್ಟುವುದಕ್ಕೆ ಮೊಳೆ ಇದೆ, ಹತ್ತುವುದಕ್ಕೆ ಸ್ಟೂಲಿದೆ. ನನ್ನ ಮಗಳ ಹತ್ತಿರ ಒಂಬತ್ತು ಅಕ್ಷರ ಇವೆ. ಅವಳು ನನಗೆ ಹೇಳುವುದಿಲ್ಲ. ಕೇಳುವವರನ್ನು ಕಳಿಸಿಕೊಡಿ.

ಇಂತಿ,
ಮಗಳ ಗಂಟನ್ನು ಹಲ್ಲು ಹಚ್ಚಿ ಬಿಚ್ಚಿದ ತಾಯಿ,
ಶಶಿಕಲಾ
ಸುಂಕದಕಟ್ಟೆ, ಜನವರಿ ೨೦೦೭