ನೆಟ್ಟಗೆ ಹೋದ ಮೊಳೆ

ಲಾಳದ ಅಂಗಡಿ,
ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ? ಕಾಲುಚೀಲ ಒದ್ದೆಯಾದರೆ ಕೂಡಲೇ ಬದಲಿಸಬೇಕಂತೆ, ನಿನ್ನಮ್ಮನ ಅಪ್ಪಣೆ. ಸೇನೆಯವರು ನಿನಗೆ ದಿನಕ್ಕೆ ನಾಲ್ಕು ಜೊತೆ ಕೊಡುತ್ತಾರೆಂದು ಅವಳು ತಿಳಿದಂತಿದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಹಾಗೆ ಬರೆಯಲು ನಾಚಿಕೆಯಾಗುತ್ತಿದೆ, ಯಾಕೆಂದರೆ ನೀನು ಶೀಶೆಯಲ್ಲಿ ಹಾಲು ಕುಡಿಸಿ ಬೆಳೆಸಿದ ನಮ್ಮ ಕುದುರೆ, ಸೋಂಬೇರಿಯನ್ನು, ಸೋಮವಾರ ಸೇನೆಯವರು ಕರೆದುಕೊಂಡು ಹೋದರು.

ರಜೆಗೆ ಬಂದಾಗ ನೀನು ಹೇಳಿದ್ದನ್ನು ನಾನು ಮರೆತಿರಲಿಲ್ಲ. ಅಲ್ಲಿ ಫಿರಂಗಿ ಎಳೆಯುವ ಕುದುರೆಗಳನ್ನು ನೋಡಿಕೊಳ್ಳುವವನೇ ನೀನು, ನಿನಗಿಂತ ಬಲ್ಲವರು ಯಾರು? "ಅಪ್ಪಾ, ತಪಾಸಣೆಗೆ ಬರ್ತಾರೆ ಅಂತ ಗೊತ್ತಾದ್ರೆ ಒಂದು ಮೊಳೆ ಸ್ವಲ್ಪ ಒಳಗೆ ಹೊಡೆದುಬಿಡು. ಕುಂಟೋ ಕುದುರೆನ ಸೇನೆಯವರು ಒಯ್ಯಲ್ಲ. ಎರಡು ದಿನ ಕುಂಟಲಿ, ಆಮೇಲೆ ಕಿತ್ತರಾಯ್ತು. ಅಲ್ಲಿಗೆ ಬಂದ ಕುದುರೆ ವಾಪಸ್ ಹೋಗಿದ್ದು ನಾನು ನೋಡಿಲ್ಲ," ಎಂದಿದ್ದೆ. ಆಗಲಿ ಎಂದು ತಲೆಯಾಡಿಸಿದವನು ನಾನೇ.

ಮರುದಿನ ತಪಾಸಣೆ ಎಂದು ಗೊತ್ತಾಗಿ, ಭಾನುವಾರ ಸೋಂಬೇರಿಯ ಮುಂಗಾಲನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡೆ. ಎಂದಿನಂತೆ ಮೈಭಾರವನ್ನೆಲ್ಲ ನನ್ನ ಮೇಲೆ ಹಾಕಿ ತೂಕಡಿಸತೊಡಗಿತು, ಹೆಸರಿಗೆ ತಕ್ಕ ಪ್ರಾಣಿ. ಮೊಳೆಯನ್ನು ಓರೆಯಾಗಿ ಹೊಡೆಯಬೇಕು, ಅಷ್ಟೇ. ಹೊಡೆದೆ. ಗೊರಸಿನಲ್ಲಿ ಅದು ಎಲ್ಲಿ ಹೊರಗೆ ಬರಬೇಕೋ ಅಲ್ಲೇ ಬಂತು. ಕಿತ್ತು ಮತ್ತೆ ಹೊಡೆದೆ, ಮತ್ತೆ ನೆಟ್ಟಗೆ ಹೋಯಿತು. ಕೈ ಕೇಳಲಿಲ್ಲ ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಅದು ಪೂರ್ತಿ ನಿಜವಲ್ಲ. ಲಾಳ ಹೊಡೆಯುವವನ ಕುದುರೆಯೇ ಕುಂಟಿದರೆ ಬೀದಿಯವರು ಏನೆಂದಾರು ಎಂಬ ಯೋಚನೆ ತಲೆಗೆ ಹೊಕ್ಕಿತ್ತು. ಕೊನೆಗೆ ನಾಲ್ಕೂ ಕಾಲಿಗೆ ಹೊಸ ಲಾಳ ಹೊಡೆದು, ಮದುವೆಗೆ ಹೊರಡಿಸುವವನ ಹಾಗೆ ಗೊರಸಿಗೆ ಎಣ್ಣೆಯನ್ನೂ ಸವರಿದೆ.

ಮರುದಿನ ಸೇನೆಯ ಅಧಿಕಾರಿ ಗೊರಸೆತ್ತಿ ನೋಡಿ, ತಮ್ಮ ಜೊತೆಯವರನ್ನೂ ಕರೆದು ತೋರಿಸಿದರು. ಇದು ಯಾರ ಕೆಲಸ ಎಂದು ಕೇಳಿದರು. ನಿನ್ನಪ್ಪ ಎದೆಯುಬ್ಬಿಸಿಕೊಂಡು ಮುಂದೆ ಬಂದ. ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು ಮಗನೇ. ಅದನ್ನೇ ನುಂಗಿಕೊಳ್ಳಲು ಆಗುತ್ತಿಲ್ಲ. ಅವರು ಹಗ್ಗ ಹಿಡಿದು ಎಳೆದರೆ ಸೋಂಬೇರಿ ಹೆಜ್ಜೆ ಕೀಳದೆ ನನ್ನ ಕಡೆ ನೋಡುತ್ತ ನಿಂತಿತು. ನಾನೇ ಕುತ್ತಿಗೆ ತಟ್ಟಿ "ಹೋಗು" ಎಂದೆ. ನನ್ನ ಮಾತಿಗೆ ಹೊರಟಿತು. ಅಂದಿನಿಂದ ನಿನ್ನಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಾಲುಚೀಲದ ವಿಷಯವನ್ನೂ ಗೋಡೆಗೆ ಹೇಳಿದಳು, ನಾನು ಕೇಳಿಸಿಕೊಂಡು ಬರೆದೆ.

ಸೋಂಬೇರಿ ನಿನ್ನ ಕಣ್ಣಿಗೆ ಬಿದ್ದರೆ ಕಿವಿಯ ಹಿಂದೆ ಸ್ವಲ್ಪ ಕೆರೆ. ನನ್ನನ್ನು ಬೈಯಬೇಕೆನಿಸಿದರೆ ಬೈದೇ ಬರೆ, ಬರೆಯದೆ ಮಾತ್ರ ಇರಬೇಡ. ಮೈಮೇಲೆ ಎಚ್ಚರವಿರಲಿ. ನನ್ನ ಆಯುಷ್ಯವೂ ನಿನಗೇ ಇರಲಿ.

ನಿನ್ನ
ಅಪ್ಪ

ಮತ್ತೆ: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ನಾಳೆ ಹಾಲಿನ ಗಾಡಿಗಳ ಕುದುರೆಗಳ ತಪಾಸಣೆ. ಬೆಳಿಗ್ಗೆ ಹಾಲಿನವಳು ತನ್ನ ಕುದುರೆಯನ್ನು ತಂದು, ಅದರ ಮುಂಗಾಲನ್ನೆತ್ತಿ ನನ್ನ ಮುಂದೆ ಹಿಡಿದಳು. ಮೊದಲ ಪೆಟ್ಟಿಗೇ ಮೊಳೆ ಓರೆಯಾಗಿ ಒಳಗೆ ಹೋಯಿತು. ನನ್ನ ಕೈಗೆ ಬರುತ್ತದೆ ಮಗನೇ, ಅವತ್ತೂ ಬರುತ್ತಿತ್ತು. ಕುದುರೆ ಬೀದಿಯುದ್ದಕ್ಕೂ ಕುಂಟಿಕೊಂಡು ಹೋಯಿತು. ಎಲ್ಲರೂ ನನ್ನ ಅಂಗಡಿಯ ಕಡೆಗೇ ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ.