ಮಾವನ ಸ್ಟೂಲಿನ ಕಾಲು

ರೀ,

ಹಾಲು ಕಾಯಿಸಿಟ್ಟಿದ್ದೀನಿ, ಕುಡಿದು ಆಮೇಲೆ ಶೆಡ್ಡಿಗೆ ಹೋಗಿ. ನಾನು ಅಂಗಡಿಗೆ ಮಾಲು ಕೊಡೋಕೆ ಹೊರಟೆ. ಮರ ತಿರುಗಿಸೋ ಲೇತಿನ ಮೇಲೆ ಮಾವನ ಸ್ಟೂಲಿನ ಕಾಲಿದೆ, ಮುಟ್ಟಬೇಡಿ. ಸ್ಪೀಡೂ ಬದಲಾಯಿಸಬೇಡಿ. ನನಗೆ ತಲೆ ಕೆಟ್ಟುಹೋಗಿದೆ.

ಹಳೇ ಬಣ್ಣ ತೆಗೆದು ನುಣುಪು ಮಾಡು, ಗಟ್ಟಿ ಮರ, ನಿಧಾನಕ್ಕೆ ತಿರುಗಿಸು ಅಂದಿರಿ. ಹಾಗೇ ಮಾಡಿದೆ. ಮೇಲರ್ಧ ಬೆಣ್ಣೆ ಹಾಗೆ ಬಂತು, ಕೆಳಗರ್ಧ ನಾರುನಾರಾಗಿ ಕಿತ್ತುಬಂತು. ಮೆತ್ತನೆ ಮರವೇನೋ ಅಂತ ಸ್ಪೀಡು ಏರಿಸಿದೆ. ಆಗ ಕೆಳಗೆ ನುಣ್ಣಗಾಯ್ತು, ಮೇಲೆ ಉಳಿ ಇಟ್ಟರೆ ಬರೀ ಹೊಗೆ. ಒಂದೇ ಕಾಲಿಗೆ ಎರಡು ಬುದ್ಧಿ ಹೇಗೆ? ಉಳಿ ಮೊಂಡಾಗಿದೆಯೇನೋ ಅಂತ ಮತ್ತೆ ಮಸೆದೆ. ಅದರಿಂದಲೂ ಏನೂ ಆಗಲಿಲ್ಲ.

ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ನಡುವೆ ಕೂದಲೆಳೆಯಂಥ ಗೆರೆ ಕಾಣಿಸ್ತು. ಮೇಲಿನದು ಗಟ್ಟಿ ಮರ, ಕೆಳಗಿನದು ಮೆತ್ತನೆಯದು. ಯಾವಾಗಲೋ ಮುರಿದ ಕಾಲಿಗೆ ಮಾವ ಸಿಕ್ಕಿದ ತುಂಡು ಕೂಡಿಸಿ ಬಣ್ಣ ಬಳಿದಿದ್ದಾರೆ. ಕೂಡಿಸಿದ ಕಾಲು ನಂಬಿ ಯಾರನ್ನೂ ಕೂರಿಸಬಾರದು ಅಂತ ನಮಗೆ ಬೈದು ಬೈದು ಕಲಿಸಿದವರೇ ಹೀಗೆ ಮಾಡೋದಾ?

ಹೊಸ ಕಾಲು ಮಾಡಬೇಕಾ, ಇದನ್ನೇ ಉಳಿಸಬೇಕಾ, ನನಗೆ ತೋಚ್ತಿಲ್ಲ. ನೀವು ನೋಡಿ ಹೇಳಿ.

ಮಾವ ತೀರಿಕೊಳ್ಳೋವರೆಗೂ ಆ ಸ್ಟೂಲಿನ ಮೇಲೆ ತಾವು ಬಿಟ್ಟು ಬೇರೆ ಯಾರನ್ನೂ ಕೂರೋಕೆ ಬಿಡಲಿಲ್ಲ ಅಲ್ವಾ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕೂತಾಗ ಎಲ್ಲರ ಮುಂದೆ ಎಬ್ಬಿಸಿಬಿಟ್ಟಿದ್ದರು. ಇಷ್ಟು ವರ್ಷ ನಾನು ಅದನ್ನ ಜಂಬ ಅಂದುಕೊಂಡಿದ್ದೆ.