ಎಂಟನೇ ತರಗತಿ ಕೆಳಗಿರಲಿ

ಬಳ್ಳಿಗಾವಿ,
ಭಾನುವಾರ

ಹೆಡ್‌ಮೇಡಂ ಅವರಿಗೆ ಸರ್ವಮಂಗಳಳ ನಮಸ್ಕಾರ.

ನಾನು ಎಂಟನೇ ತರಗತಿಯ ಶರಣ್ಯಳ ತಾಯಿ. ಅವಳಿಗೆ ನಡೆಯಲು ಬರುವುದಿಲ್ಲ. ದಿನಾ ನಾನೇ ಅವಳನ್ನು ಎತ್ತಿಕೊಂಡು ಮಹಡಿ ಹತ್ತುವುದನ್ನು ನೀವೂ ನೋಡಿದ್ದೀರಿ.

ಹೋದ ವಾರ ಮೆಟ್ಟಿಲು ಹತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತು. ಅವಳನ್ನು ಬಿಡದೆ ಗೋಡೆಗೆ ಒರಗಿ ಹಾಗೇ ಕುಳಿತುಬಿಟ್ಟೆ. ಅವಳಿಗೆ ಪೆಟ್ಟಾಗಲಿಲ್ಲ. ಶಿಕಾರಿಪುರದ ಡಾಕ್ಟರು, "ಇನ್ನು ಭಾರ ಎತ್ತಲೇಬೇಡ್ರಿ. ಕೊಡ ಎತ್ತುವಾಗಲೂ ಸೊಂಟ ಬಗ್ಗಿಸದೆ, ಮೊಣಕಾಲು ಮಡಚಿ ಕುಳಿತು ಎತ್ತಿರಿ" ಎಂದರು. ಕೊಡವನ್ನು ಹಾಗೇ ಎತ್ತುತ್ತಿದ್ದೇನೆ. ಮಗಳ ವಿಷಯ ಮಾತ್ರ ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಶಾಲೆ ಬಿಡಿಸಿ ಎನ್ನುತ್ತಿದ್ದರು.

ಅಂದಿನಿಂದ ಶರಣ್ಯ ಸರಿಯಾಗಿ ಉಣ್ಣುತ್ತಿಲ್ಲ. ಹೊಟ್ಟೆ ಕೆಟ್ಟಿರಬೇಕೆಂದು ಓಮಿನ ನೀರು ಕುಡಿಸಿದೆ. ನಿನ್ನೆ ಗದರಿಸಿ ಕೇಳಿದ್ದಕ್ಕೆ, "ಕಡಿಮೆ ಉಂಡ್ರೆ ನಿಂಗೆ ಎತ್ತಾಕೆ ಹಗುರಾಗ್ತೀನಲ್ಲಮ್ಮ" ಅಂದಳು.



ಎಂಟನೇ ತರಗತಿಯನ್ನು ದಯವಿಟ್ಟು ಕೆಳಗಿನ ಕೋಣೆಗೆ ಹಾಕಿಕೊಡಿ. ಅದಾಗುವ ತನಕ ಹೇಗೋ ಎತ್ತಿಕೊಂಡೇ ಬರುತ್ತೇನೆ, ಶಾಲೆ ಬಿಡಿಸುವುದಿಲ್ಲ. ಮಧ್ಯಾಹ್ನ ಬಿಸಿಯೂಟಕ್ಕೆ ಅವಳ ಪಕ್ಕ ಯಾರನ್ನಾದರೂ ಕೂರಿಸಿ, ತಟ್ಟೆಯಲ್ಲಿ ಹಾಕಿದ್ದನ್ನೆಲ್ಲ ಉಂಡಳೇ ಎಂದು ನೋಡಲು ಹೇಳಿ.

ಇಂತಿ,
ಶರಣ್ಯಳ ಅಮ್ಮ
ಸರ್ವಮಂಗಳ